ಕಿಟಕಿಯನ್ನು ಕಿಟಕಿ ಎಂದರೆ ಆಗದೇ?

ಮಾನ್ಯರೇ,

ಕಳೆದ ಸಂಚಿಕೆಯ ಗ್ರಂಥಾಲಯ ಕಟ್ಟಡದ ಲೇಖನದಿಂದ ‘ಒಳಗು ಹೊರಗುಗಳ ಪಾರಗಮ್ಯ ಸಂವಾದದ ಮೂಲಕ ಈ ಕಟ್ಟಡವು ಅವಕಾಶದ ಸ್ಥಾಪಿತ ನಿರೂಪಣೆಯನ್ನು ಪ್ರಶ್ನಿಸುತ್ತದೆ’ ಎಂಬ ವಾಕ್ಯವನ್ನು ಎತ್ತಿ ಬರೆದು, ಮೂರು ಸಲ ಓದಿದರೂ ತಿಳಿಯಲಿಲ್ಲ, ದೋಷ ನನ್ನ ಬುದ್ಧಿಯದೋ ವಾಕ್ಯದ್ದೋ ಎಂದು ಕೇಳಿದ್ದೀರಿ. ದೋಷ ವಾಕ್ಯದ್ದು. ಅದನ್ನು ತಿದ್ದದೆ ಅಚ್ಚಿಗೆ ಕಳುಹಿಸಿದವನು ನಾನಾದ್ದರಿಂದ ಅದರಲ್ಲಿ ನನ್ನ ಪಾಲೂ ಇದೆ. ನಿಮ್ಮ ಪತ್ರ ಬಂದ ಮೇಲೆ ನಕ್ಷೆಯನ್ನು ಮುಂದಿಟ್ಟುಕೊಂಡು ನೋಡಿದಾಗ ತಿಳಿದದ್ದು ಇಷ್ಟೇ: ಓದುವ ಕೋಣೆಗೆ ದೊಡ್ಡ ಕಿಟಕಿಗಳಿವೆ.

ಆದರೆ ವಾಸ್ತುಶಿಲ್ಪಿಗಳ ಪರಿಭಾಷೆಯನ್ನೆಲ್ಲ ನಿಷೇಧಿಸಬೇಕೆಂಬ ನಿಮ್ಮ ಸಲಹೆಯನ್ನು ನಾನು ಒಪ್ಪಲಾರೆ. ಕ್ಯಾಂಟಿಲಿವರ್ ಎಂಬ ಪದವನ್ನೇ ನೋಡಿ. ಒಂದು ತುದಿಯಲ್ಲಿ ಮಾತ್ರ ಆಧಾರವಿದ್ದು, ಇನ್ನೊಂದು ತುದಿ ಬಯಲಿಗೆ ಚಾಚಿಕೊಂಡ ಭಾಗಕ್ಕೆ ಆ ಹೆಸರು. ಅದರಲ್ಲಿ ಎಳೆತವು ಮೇಲ್ಭಾಗದಲ್ಲಿ ಉಂಟಾಗುವುದರಿಂದ ಮುಖ್ಯ ಕಬ್ಬಿಣದ ಸರಳುಗಳನ್ನು ಮೇಲ್ಗಡೆಯೇ ಕಟ್ಟಬೇಕು. ಸಾಮಾನ್ಯ ತೊಲೆಯಂತೆ ಕೆಳಗೆ ಕಟ್ಟಿದರೆ ಬಾಲ್ಕನಿ ಒಂದು ದಿನ ಕುಸಿದೀತು. ಆ ಪದವನ್ನು ತಪ್ಪಾಗಿ ತಿಳಿದರೆ ಕೆಲಸವೂ ತಪ್ಪುತ್ತದೆ. ಹಾಗಾಗಿ ಅದು ಬೇಕು. ಆದರೆ ‘ಸಂವಾದ’ವನ್ನು ಮೇಲೆ ಕಟ್ಟಬೇಕೋ ಕೆಳಗೆ ಕಟ್ಟಬೇಕೋ ಎಂದು ಸರಳು ಕಟ್ಟುವವನು ಕೇಳಿದರೆ ಲೇಖಕರು ಏನು ಹೇಳುತ್ತಾರೆ?

ಇನ್ನು ಕೆಲವು ಪದಗಳ ಗಾಂಭೀರ್ಯವೆಲ್ಲ ಕಡ ತಂದದ್ದು. ‘ಫೆನೆಸ್ಟ್ರೇಷನ್’ ಬಂದಿರುವುದು ಕಿಟಕಿ ಎಂಬ ಅರ್ಥದ ಲ್ಯಾಟಿನ್ ಪದದಿಂದ. ‘ಲಿಮಿನಲ್’ ಬಂದಿರುವುದು ಹೊಸ್ತಿಲು ಎಂಬ ಅರ್ಥದ ಪದದಿಂದ. ಇದಕ್ಕಿಂತ ಸೋಜಿಗದ್ದು ‘ಬ್ರೂಟಲಿಸಂ’ ಎಂಬ ಕಟ್ಟಡ ಶೈಲಿಯ ಕಥೆ. ಆ ಹೆಸರಿನೊಡನೆ ಬೆಸೆದುಕೊಂಡಿರುವ ಫ್ರೆಂಚ್ ನುಡಿಗಟ್ಟಿನ ಅರ್ಥ ಗಿಲಾವು ಮಾಡದೆ ಹಾಗೆಯೇ ಬಿಟ್ಟ ಕಾಂಕ್ರೀಟ್ ಎಂದಷ್ಟೇ. ಅದರಿಂದ ‘ಕ್ರೌರ್ಯದ ಸೌಂದರ್ಯಮೀಮಾಂಸೆ’ಯನ್ನು ಹೊರಡಿಸಿದ ಲೇಖನವೊಂದು ನನ್ನ ಮೇಜಿನ ಮೇಲೆ ಈಗಲೂ ಇದೆ. ಈ ವೃತ್ತಿಯ ಹಿರಿಯರು ಹೀಗೆ ಬರೆಯುತ್ತಿರಲಿಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಿಟ್ರುವಿಯಸ್ ಕಟ್ಟಡಕ್ಕೆ ಬೇಕಾದದ್ದನ್ನು ದೃಢತೆ, ಉಪಯುಕ್ತತೆ, ಚೆಲುವು ಎಂಬ ಮೂರು ಮಾತಿನಲ್ಲಿ ಮುಗಿಸಿದ. ಅಮೆರಿಕದ ಲೂಯಿ ಸಲಿವನ್ 1896ರಲ್ಲಿ ಆಕಾರವು ಯಾವಾಗಲೂ ಉಪಯೋಗವನ್ನು ಅನುಸರಿಸುತ್ತದೆ ಎಂದಾಗಲೂ ಯಾರೂ ನಿಘಂಟು ಹುಡುಕಬೇಕಾಗಿರಲಿಲ್ಲ.

ಈ ರೋಗ ಹತ್ತುವುದು ಕಾಲೇಜಿನಲ್ಲೇ ಎಂಬುದು ನನ್ನ ಅನುಮಾನ. ಅಲ್ಲಿ ವಿದ್ಯಾರ್ಥಿಯು ತನ್ನ ನಕ್ಷೆಗಳನ್ನು ಗೋಡೆಗೆ ತೂಗುಹಾಕಿ, ಪರೀಕ್ಷಕರ ಜ್ಯೂರಿಯ ಮುಂದೆ ನಿಂತು, ಎಂದೂ ಮೇಲೇಳದ ಕಟ್ಟಡವೊಂದನ್ನು ಸಮರ್ಥಿಸಿಕೊಳ್ಳಬೇಕು. ಒಳಗೆ ಹೋಗಿ ನೋಡಲು ಕಟ್ಟಡವೇ ಇಲ್ಲದಿರುವಾಗ ಮಾತು ದಪ್ಪವಾಗುವುದು ಸಹಜ, ‘ಕಾನ್ಸೆಪ್ಟ್ ಏನು?’ ಎಂಬ ಪ್ರಶ್ನೆಗೆ ‘ಇಲ್ಲಿ ಮಳೆ ನೀರು ಒಳಗೆ ಬರುವುದಿಲ್ಲ’ ಎಂದು ಉತ್ತರಿಸಿ ಅಂಕ ಗಳಿಸಿದವರನ್ನು ನಾನಂತೂ ಕಂಡಿಲ್ಲ. ಆ ಅಭ್ಯಾಸವೇ ಮುಂದೆ ಮನೆ ಕಟ್ಟಿಸುವವರ ಎದುರಿಗೂ ಬರುತ್ತದೆ, ನಮ್ಮ ಪುಟಗಳಿಗೂ ಬರುತ್ತದೆ.

ನಿಮ್ಮ ಪತ್ರವನ್ನು ಲೇಖಕರಿಗೆ ಕಳುಹಿಸಿದ್ದೆ. ಅವರು ಮುನಿಯದೆ ವಾಕ್ಯವನ್ನು ತಿದ್ದಿ ಕೊಟ್ಟಿದ್ದಾರೆ: ‘ನೇರ ಬಿಸಿಲು ಬೀಳದ ಕಡೆಯ ಗೋಡೆಯಲ್ಲಿ ದೊಡ್ಡ ಕಿಟಕಿಗಳನ್ನಿಟ್ಟಿರುವುದರಿಂದ ಓದುವವರ ಕಣ್ಣಿಗೆ ಝಳ ಹೊಡೆಯದೆ ಬೆಳಕು ಸಮನಾಗಿ ಬರುತ್ತದೆ.’ ಇದರ ಬೆನ್ನಿಗೇ ‘ಇದು ಬೆಳಕಿನೊಂದಿಗಿನ ಸಂವಾದ’ ಎಂಬ ಇನ್ನೊಂದು ವಾಕ್ಯವೂ ಇತ್ತು. ಅದನ್ನು ನಾನು ಹೊಡೆದುಹಾಕಿದ್ದೇನೆ.

— ಸಂಪಾದಕ