ಇಂಗ್ಲೆಂಡಿನ ಹಾಲ್‌ಸ್ಯಾಂಡ್ಸ್ ಎಂಬ ಪುಟ್ಟ ಊರು ಸಮುದ್ರದ ಪಾಲಾಗಿದ್ದು ಹೇಗೆ?

ಸಮುದ್ರವನ್ನು ಬೈದು ಪ್ರಯೋಜನವಿಲ್ಲ. ಇಲ್ಲಿ ಕೆಲಸ ಕೆಡಿಸಿದ್ದು ಮನುಷ್ಯರೇ.

ಹಾಲ್‌ಸ್ಯಾಂಡ್ಸ್ ಇದ್ದದ್ದು ಡೆವನ್ ಜಿಲ್ಲೆಯ ದಕ್ಷಿಣ ಕರಾವಳಿಯಲ್ಲಿ, ಸ್ಟಾರ್ಟ್ ಪಾಯಿಂಟ್ ಎಂಬ ಭೂಶಿರದ ಹತ್ತಿರ. ಹಿಂದೆ ಕಡಿದಾದ ಬಂಡೆ, ಮುಂದೆ ಸಮುದ್ರ. ನಡುವಿನ ಕಿರಿದಾದ ಕಲ್ಲಿನ ಜಗುಲಿಯ ಮೇಲೆ 37 ಮನೆಗಳು, ಒಂದು ಪಬ್ಬು. ಏಡಿ, ಮೀನು ಹಿಡಿಯುವುದೇ ಜನರ ಕಸುಬು. ಮನೆಗಳ ಮುಂದೆ ಅಗಲವಾದ ಜಲ್ಲಿಕಲ್ಲಿನ ದಂಡೆ ಇತ್ತು. ಎಂಥ ಅಲೆ ಬಂದರೂ ಅಲ್ಲೇ ಸುಸ್ತಾಗುತ್ತಿತ್ತು.

1897ರಲ್ಲಿ ಪ್ಲಿಮತ್ ಬಳಿಯ ನೌಕಾನೆಲೆ ವಿಸ್ತರಿಸಲು ಕಾಂಕ್ರೀಟಿಗೆ ಜಲ್ಲಿ ಬೇಕಾಯಿತು. ಈ ಊರಿನ ಮುಂದಿನ ಕೊಲ್ಲಿಯಿಂದಲೇ ತೆಗೆಯಲು ಸರ್ಕಾರ ಅನುಮತಿ ಕೊಟ್ಟಿತು. ತೆಗೆದಷ್ಟನ್ನು ಸಮುದ್ರವೇ ತಂದು ತುಂಬುತ್ತದೆ ಅಂದುಕೊಂಡಿದ್ದರು. ಆದರೆ ಆ ಜಲ್ಲಿ ಹಿಮಯುಗ ಮುಗಿದು ಸಮುದ್ರ ಏರಿದಾಗ ಬಂದು ಸೇರಿದ್ದು. ಹೊಸದು ಬರಲು ದಾರಿಯೇ ಇರಲಿಲ್ಲ! ಸುಮಾರು 6.5 ಲಕ್ಷ ಟನ್ ತೆಗೆದರು. ದಂಡೆ ಕುಸಿಯುತ್ತಾ ಹೋಯಿತು. ಮೀನುಗಾರರು ಗಲಾಟೆ ಮಾಡಿದ ಮೇಲೆ 1902ರಲ್ಲಿ ಅನುಮತಿ ರದ್ದಾಯಿತು. ತಡವಾಗಿತ್ತು, ಅಲ್ವಾ? ತಡೆಗೋಡೆ ಕಟ್ಟಿ ಒಂದಷ್ಟು ವರ್ಷ ತಳ್ಳಿದರು, ಅಷ್ಟೇ.

1917ರ ಜನವರಿ 26ರಂದು ಪೂರ್ವದ ಬಿರುಗಾಳಿ ಮತ್ತು ದೊಡ್ಡ ಉಬ್ಬರ ಒಟ್ಟಿಗೇ ಬಂದವು. ಜನ ಬಂಡೆ ಹತ್ತಿ ಪಾರಾದರು, ಯಾರೂ ಸಾಯಲಿಲ್ಲ. ವಾಸಕ್ಕೆ ಉಳಿದದ್ದು ಕೊನೆಗೆ ಒಂದೇ ಮನೆ. ಅಲ್ಲಿದ್ದ ಎಲಿಜಬೆತ್ ಪ್ರೆಟಿಜಾನ್ ಊರು ಬಿಡಲು ಒಪ್ಪಲೇ ಇಲ್ಲ. ಕೋಳಿ ಸಾಕಿಕೊಂಡು, 1964ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಇದ್ದರು.