ಮೈದಾನದ ಅಂಚಿನಿಂದ: ಸೋತ ಹುಡುಗರನ್ನು ಚದುರಿಸಬೇಡಿ

ಪ್ರಶ್ನೆ: ಸರ್, ನನ್ನ ಮಗನಿಗೆ 16 ವರ್ಷ. ನಮ್ಮ ಬಡಾವಣೆಯ ಫುಟ್‌ಬಾಲ್ ತಂಡದಲ್ಲಿ ರಕ್ಷಣಾ ಆಟಗಾರ. ಒಟ್ಟು 18 ಹುಡುಗರು, ಯಾರೂ 17 ದಾಟಿಲ್ಲ, ಆದರೂ ದೊಡ್ಡವರ ಲೀಗ್‌ನಲ್ಲೇ ಆಡುತ್ತಾರೆ. ಈ ಸಲ ಕೊನೆಯ ಪಂದ್ಯವನ್ನು ಡ್ರಾ ಮಾಡಿಕೊಂಡಿದ್ದರೂ ಕಪ್ ಅವರದಾಗುತ್ತಿತ್ತು. ಕೊನೆಯ ಹತ್ತು ನಿಮಿಷದಲ್ಲಿ ಎರಡು ಕಾರ್ನರ್ ಕಿಕ್‌ಗಳಿಂದ (ಮೈದಾನದ ಮೂಲೆಯಿಂದ ಒದೆಯುವ ಚೆಂಡು) ಎರಡು ಗೋಲು ಬಿಟ್ಟುಕೊಟ್ಟು 1–2ರಿಂದ ಸೋತರು. ಎರಡನೆಯ ಗೋಲು ಹೊಡೆದವನನ್ನು ಕಾಯಬೇಕಾಗಿದ್ದವನು ನನ್ನ ಮಗನೇ ಅಂತೆ. ಹದಿನೈದು ದಿನವಾಯಿತು, ಬೂಟು ಮುಟ್ಟಿಲ್ಲ. ಸಮಿತಿಯವರು ಮುಂದಿನ ವರ್ಷಕ್ಕೆ ಹೊರಗಿನಿಂದ ಅನುಭವಿಗಳನ್ನು ಕರೆತರುವ ಮಾತಾಡುತ್ತಿದ್ದಾರೆ. ಈ ತಂಡಕ್ಕೆ ಮುಂದೆ ಏನಾದರೂ ಇದೆಯೇ?
— ಒಬ್ಬ ತಾಯಿ, ಬೆಳಗಾವಿ

ಉತ್ತರ: ಇದೆ, ತಾಯಿ. 16, 17ರ ಹುಡುಗರು ದೊಡ್ಡವರ ಲೀಗ್‌ನಲ್ಲಿ ಕೊನೆಯ ಪಂದ್ಯದವರೆಗೆ ಮುಂದಿದ್ದರು ಎಂದರೆ ಅದು ಸಣ್ಣ ಮಾತಲ್ಲ. ಆದರೆ ಆ 18 ಮಂದಿಯೂ ಮುಂದಿನ ವರ್ಷ ಒಟ್ಟಿಗೇ ಇರಬೇಕು. ನನ್ನ ಉತ್ತರವೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.

ನಿಮ್ಮ ಪತ್ರದಲ್ಲಿ ‘ಎರಡು ಕಾರ್ನರ್’ ಎಂದು ಓದಿದ ಕೂಡಲೇ ನನಗೆ 2018ರ ಮಾರ್ಚ್ 17ರ ಸಂಜೆ ಕಣ್ಣೆದುರಿಗೆ ಬಂತು. ಕಂಠೀರವ ಕ್ರೀಡಾಂಗಣದಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್. ಬೆಂಗಳೂರು ಎಫ್‌ಸಿ ಹುಟ್ಟಿ ಆಗಿನ್ನೂ ಐದು ವರ್ಷ ತುಂಬಿರಲಿಲ್ಲ, ಐಎಸ್‌ಎಲ್‌ನಲ್ಲಿ ಅದೇ ಮೊದಲ ವರ್ಷ. ಲೀಗ್ ಹಂತದ 18 ಪಂದ್ಯಗಳಲ್ಲಿ 40 ಅಂಕ ಗಳಿಸಿತ್ತು. ಫೈನಲ್‌ನ ಎದುರಾಳಿ, ಎರಡನೆಯ ಸ್ಥಾನದ ಚೆನ್ನೈಯಿನ್ ಎಫ್‌ಸಿಗೆ ಇದ್ದದ್ದು 32. ಒಂಬತ್ತನೆಯ ನಿಮಿಷದಲ್ಲಿ ಉದಾಂತ ಸಿಂಗ್ ಬಲಗಡೆಯಿಂದ ಕೊಟ್ಟ ಚೆಂಡಿಗೆ ಸುನಿಲ್ ಛೆಟ್ರಿ ಹಾರಿ ತಲೆಯೊಡ್ಡಿದರು. ಪಕ್ಕದಲ್ಲಿ ಮುಖಕ್ಕೆ ನೀಲಿ ಬಣ್ಣ ಬಳಿದುಕೊಂಡು ಕುಳಿತಿದ್ದ ಪುಟ್ಟ ಹುಡುಗ ನನ್ನ ಗುರುತಿಲ್ಲದಿದ್ದರೂ ಕುತ್ತಿಗೆಗೆ ಜೋತುಬಿದ್ದ. ಆಮೇಲೆ 17ನೆಯ ನಿಮಿಷದಲ್ಲಿ ಒಂದು ಕಾರ್ನರ್, ಚೆನ್ನೈಯಿನ್‌ನ ಮೈಲ್ಸನ್ ಆಲ್ವೆಸ್ ಹೆಡರ್. ವಿರಾಮಕ್ಕೆ ಮುಂಚೆ ಮತ್ತೊಂದು ಕಾರ್ನರ್, ಮತ್ತೆ ಅದೇ ಮೈಲ್ಸನ್. ಮೂರನೆಯದನ್ನು ರಫೇಲ್ ಆಗಸ್ಟೊ ಹೊಡೆದರು. ಕೊನೆಗೆ ಬೆಂಗಳೂರಿನ ಮಿಕು ಒಂದು ಗೋಲು ತಂದರೂ 2–3ಕ್ಕೆ ಎಲ್ಲ ಮುಗಿಯಿತು. ಹುಡುಗನ ಕೆನ್ನೆಯ ಮೇಲಿನ ಬಣ್ಣ ಕಣ್ಣೀರಿಗೆ ಕರಗಿ ಅಂಗಿಯ ಕಾಲರಿಗೆ ಹತ್ತಿತ್ತು. ಅವನಿಗೆ ಏನು ಹೇಳಬೇಕೆಂದು ಅವತ್ತು ನನಗೆ ತೋಚಲಿಲ್ಲ.

ಮುಂದೆ ನಡೆದದ್ದನ್ನು ನಿಮ್ಮ ಸಮಿತಿಯವರಿಗೆ ಓದಿ ಹೇಳಿ. ಕೋಚ್ ಆಲ್ಬರ್ಟ್ ರೋಕಾ ಹೊರಟುಹೋದರು. ಆದರೆ ಅವರ ಜಾಗಕ್ಕೆ ಹೊಸಬರು ಬರಲಿಲ್ಲ, ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರಾತ್ ಅವರೇ ಬಂದರು. ಹುಡುಗರ ಸ್ವಭಾವ, ಯಾರ ಕಾಲಿನಲ್ಲಿ ಏನಿದೆ ಎಂಬುದೆಲ್ಲ ಅವರಿಗೆ ಮೊದಲೇ ಗೊತ್ತಿತ್ತು. ಛೆಟ್ರಿ, ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು, ಉದಾಂತ, ಮಿಕು, ಡಿಮಾಸ್ ಡೆಲ್ಗಾಡೊ, ರಾಹುಲ್ ಭೆಕೆ ಎಲ್ಲರೂ ಉಳಿದರು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಎಫ್‌ಸಿ ಗೋವಾ ವಿರುದ್ಧ ಮತ್ತೆ ಫೈನಲ್. 90 ನಿಮಿಷವೂ ಗೋಲಿಲ್ಲ. ಹೆಚ್ಚುವರಿ ಅವಧಿಯಲ್ಲಿ, 117ನೆಯ ನಿಮಿಷಕ್ಕೆ, ಡಿಮಾಸ್ ಕಾರ್ನರ್ ತೆಗೆದರು, ಭೆಕೆ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. ಹಿಂದಿನ ವರ್ಷ ಕಾರ್ನರ್‌ನಲ್ಲಿ ಕಪ್ ಕಳೆದುಕೊಂಡ ತಂಡ ಕಾರ್ನರ್‌ನಲ್ಲೇ ಕಪ್ ಗೆದ್ದಿತು. ಅದೇ ವರ್ಷ ಹಿಂದಿನ ಚಾಂಪಿಯನ್ ಚೆನ್ನೈಯಿನ್ ಲೀಗ್‌ನ ಕಟ್ಟಕಡೆಯ ಸ್ಥಾನದಲ್ಲಿತ್ತು.

ಚದುರಿದ ತಂಡದ ಕಥೆಯನ್ನೂ ಹೇಳುತ್ತೇನೆ. 2019ರ ಮೇ 8ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನ ಎರಡನೆಯ ಪಂದ್ಯ. ಅಲ್ಲಿನ ಅಯಾಕ್ಸ್ ತಂಡದ ನಾಯಕ ಡಿ ಲಿಕ್ಟ್‌ಗೆ ಬರೀ 19 ವರ್ಷ. ಮೊದಲ ಪಂದ್ಯವನ್ನು ಲಂಡನ್ನಿನಲ್ಲಿ 1–0ಯಿಂದ ಗೆದ್ದು ಬಂದಿದ್ದರು, ಇಲ್ಲಿ ವಿರಾಮದ ಹೊತ್ತಿಗೆ 2–0 ಮುಂದಿದ್ದರು. ಟಾಟೆನ್‌ಹ್ಯಾಮ್‌ನ ಲೂಕಾಸ್ ಮೌರಾ ಎರಡನೆಯ ಅರ್ಧದಲ್ಲಿ ಒಬ್ಬರೇ ಮೂರು ಗೋಲು ಹೊಡೆದರು, ಮೂರನೆಯದು 96ನೆಯ ನಿಮಿಷದಲ್ಲಿ. ಒಟ್ಟು 3–3 ಆದರೂ ಎದುರಾಳಿಯ ಮೈದಾನದಲ್ಲಿ ಹೆಚ್ಚು ಗೋಲು ಹೊಡೆದ ಟಾಟೆನ್‌ಹ್ಯಾಮ್ ಫೈನಲ್‌ಗೆ ಹೋಯಿತು, ಅಯಾಕ್ಸ್ ಹೊರಬಿತ್ತು. ಆ ಬೇಸಿಗೆಯಲ್ಲೇ ಡಿ ಲಿಕ್ಟ್ ಯುವೆಂಟಸ್‌ಗೆ ಹೋದ, ಮಿಡ್‌ಫೀಲ್ಡರ್ ಡಿ ಯಾಂಗ್ ಬಾರ್ಸಿಲೋನಾಕ್ಕೆ ಹೋದ. ಮರುವರ್ಷ ಅಯಾಕ್ಸ್ ಗುಂಪು ಹಂತವನ್ನೇ ದಾಟಲಿಲ್ಲ. ಅಲ್ಲಿ ಕೋಟಿಗಟ್ಟಲೆ ಹಣದ ಮಾತು, ಹುಡುಗರನ್ನು ತಡೆಯುವುದು ಕಷ್ಟ. ನಿಮ್ಮಲ್ಲಿ ಅಂಥ ಅನಿವಾರ್ಯವೇನಿದೆ?

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾನು ಬೆಂಗಳೂರಿನ ಒಂದು ಕಾರ್ಖಾನೆಯ ತಂಡದಲ್ಲಿ ಎಡಗಡೆಯ ಬ್ಯಾಕ್ ಆಗಿ ಆಡುತ್ತಿದ್ದೆ. ಹೆಚ್ಚಿನವರು ಆಸ್ಟಿನ್ ಟೌನ್ ಕಡೆಯ ಹುಡುಗರೇ, ಒಂದೇ ಮಣ್ಣಿನಲ್ಲಿ ಬರಿಗಾಲಲ್ಲಿ ಆಡಿ ಬೆಳೆದವರು. ನಾನು ತಿರುಗಿ ನೋಡದೆ ಚೆಂಡು ಬಿಟ್ಟರೂ ಅಲ್ಲಿ ಯಾರೋ ಇರುತ್ತಿದ್ದರು. ಒಂದು ವರ್ಷ ಫೈನಲ್‌ನಲ್ಲಿ ಒಂದೇ ಗೋಲಿನಿಂದ ಸೋತೆವು. ಮೇಲಿನವರು ಅರ್ಧ ತಂಡವನ್ನು ಕೈಬಿಟ್ಟು ಹೊರಗಿನಿಂದ ಹೆಸರಾದವರನ್ನು ತಂದರು. ಬಂದವರು ಒಳ್ಳೆಯ ಆಟಗಾರರೇ, ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಾನು ಚೆಂಡು ಬಿಟ್ಟ ಜಾಗದಲ್ಲಿ ಯಾರೂ ಇರುತ್ತಿರಲಿಲ್ಲ. ಮೂರನೆಯ ವರ್ಷಕ್ಕೆ ತಂಡವೇ ಇಲ್ಲವಾಯಿತು. ಆ ನೋವು ನನಗೆ ಇಂದಿಗೂ ಆರಿಲ್ಲ.

ನಿಮ್ಮ ತಂಡಕ್ಕೆ ಇರುವ ನಿಜವಾದ ಅಪಾಯ ಆ 1–2 ಅಲ್ಲ, ದ್ವಿತೀಯ ಪಿಯುಸಿ. ಎಷ್ಟೋ ಒಳ್ಳೆಯ ತಂಡಗಳು ಅಲ್ಲಿ ಕಾಣೆಯಾದದ್ದನ್ನು ನೋಡಿದ್ದೇನೆ. ಒಬ್ಬರ ಮನೆಯಲ್ಲಿ ‘ಈ ವರ್ಷ ಆಟ ಬೇಡ’ ಎಂದರೆ ಸಾಕು, ಮೂರು ಮನೆಗಳಲ್ಲಿ ಅದೇ ಮಾತು ಕೇಳುತ್ತದೆ. ಆದ್ದರಿಂದ ಸಮಿತಿಯ ಸಭೆಗಿಂತ ಮೊದಲು ನೀವು ತಂದೆತಾಯಿಯರು ಒಂದು ಕಡೆ ಸೇರಿ. ವಾರಕ್ಕೆ ಮೂರೇ ದಿನ, ಬೆಳಿಗ್ಗೆ ಆರರಿಂದ ಏಳೂಕಾಲು. ಕಾಲೇಜಿಗೂ ತೊಂದರೆಯಿಲ್ಲ, ಟ್ಯೂಷನ್ನಿಗೂ ತೊಂದರೆಯಿಲ್ಲ. ಇಷ್ಟಕ್ಕೆ ಎಲ್ಲರೂ ಒಪ್ಪಿದರೆ ತಂಡ ಉಳಿಯಿತು ಎಂದೇ ತಿಳಿಯಿರಿ. ಸಮಿತಿಯವರಿಗೆ ಅನುಭವಿಗಳು ಬೇಕೇಬೇಕು ಎನಿಸಿದರೆ ಒಬ್ಬರನ್ನು ತರಲಿ, ಅದೂ ರಕ್ಷಣೆಯ ಮಧ್ಯದಲ್ಲಿ ನಿಂತು ಬಾಯಿ ಬಿಟ್ಟು ಮಾತಾಡುವಂಥವರನ್ನು. ನಾಲ್ಕೈದು ಮಂದಿ ಖಂಡಿತ ಬೇಡ.

ಇನ್ನು ಕಾರ್ನರ್. ಕೋಚ್‌ಗೆ ನನ್ನ ಪರವಾಗಿ ಕೇಳಿ, ಅಭ್ಯಾಸದ ಕೊನೆಯ ಹತ್ತು ನಿಮಿಷ ಇದಕ್ಕೇ ಮೀಸಲಿಡಲಿ. ಕೊನೆಯಲ್ಲೇ ಆಗಬೇಕು, ಏಕೆಂದರೆ ಅವರು ಗೋಲು ಬಿಟ್ಟದ್ದು ಕಾಲು ಸೋತ ಹೊತ್ತಿನಲ್ಲಿ. ಈ ವಯಸ್ಸಿನವರು ಕಾರ್ನರ್ ಬಂದಾಗ ಚೆಂಡನ್ನೇ ನೋಡುತ್ತಾ ನಿಂತುಬಿಡುತ್ತಾರೆ, ಪಕ್ಕದವನು ಬೆನ್ನ ಹಿಂದಿನಿಂದ ಜಾರಿ ಮುಂದೆ ಹೋದದ್ದು ತಿಳಿಯುವುದೇ ಇಲ್ಲ. ನಾನು ನನ್ನ ಹುಡುಗರಿಗೆ ಮೈಯನ್ನು ಅರ್ಧ ತಿರುಗಿಸಿ ನಿಲ್ಲಿಸುತ್ತೇನೆ: ಒಂದು ಕಣ್ಣಿಗೆ ಚೆಂಡು ಕಾಣಬೇಕು, ಒಂದು ಕೈಗೆ ಎದುರಾಳಿಯ ಇರವು ತಾಗುತ್ತಿರಬೇಕು. ಹಿಡಿಯುವುದಲ್ಲ, ಎಳೆಯುವುದಂತೂ ಅಲ್ಲ, ಸುಮ್ಮನೆ ತಾಗಿರುವುದು. ಹತ್ತಿರದ ಕಂಬಕ್ಕೆ ಒಬ್ಬ ಕಾಯಂ. ದಿನಕ್ಕೆ ಇಪ್ಪತ್ತು ಕಾರ್ನರ್. ಮಳೆಗಾಲ ಮುಗಿಯುವಷ್ಟರಲ್ಲಿ ವ್ಯತ್ಯಾಸ ಕಾಣುತ್ತದೆ.

ಮಗನಿಗೆ ‘ಹೋಗಲಿ ಬಿಡು, ಆಟ ತಾನೇ’ ಎನ್ನಬೇಡಿ. ಅವನಿಗೆ ಅದು ಬರೀ ಆಟವಲ್ಲ. ‘ಆ ಗೋಲು ಹೇಗಾಯಿತು, ತೋರಿಸು’ ಎಂದು ಕೇಳಿ. ಅಡುಗೆಮನೆಯ ಕಟ್ಟೆಯ ಮೇಲೆ ಬಟಾಣಿ ಕಾಳಿಟ್ಟು ತೋರಿಸಲಿ. ತೋರಿಸುವಾಗ ತಾನು ಎಲ್ಲಿ ನಿಲ್ಲಬೇಕಾಗಿತ್ತು ಎಂದು ಅವನ ಬಾಯಿಂದಲೇ ಬರುತ್ತದೆ.

ಪ್ರಶ್ನೆ: ನಾನು ಗೋಲ್‌ಕೀಪರ್, 17 ವರ್ಷ. ಕೊನೆಯ ಪಂದ್ಯದಲ್ಲಿ ನಾಲ್ಕು ಗೋಲು ಬಿಟ್ಟೆ. ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ನನಗೆ ಭವಿಷ್ಯ ಇದೆಯೇ ಸರ್?
— ಒಬ್ಬ ವಿದ್ಯಾರ್ಥಿ, ಬೆಂಗಳೂರು

ಉತ್ತರ: ತಮ್ಮಾ, 2017ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ಭಾರತದ ಹುಡುಗರು 17 ವರ್ಷದೊಳಗಿನವರ ವಿಶ್ವಕಪ್ ಆಡಿದರು. ಕೊಲಂಬಿಯಾ ವಿರುದ್ಧ 82ನೆಯ ನಿಮಿಷದಲ್ಲಿ ನಮ್ಮ ಬೆಂಗಳೂರಿನ ಸಂಜೀವ್ ಸ್ಟಾಲಿನ್ ತೆಗೆದ ಕಾರ್ನರ್‌ಗೆ ಜೀಕ್ಸನ್ ಸಿಂಗ್ ತಲೆಯೊಡ್ಡಿ 1–1 ಮಾಡಿದ. ಮರುನಿಮಿಷವೇ ಕೊಲಂಬಿಯಾ ಇನ್ನೊಂದು ಗೋಲು ಹೊಡೆಯಿತು. ಕೊನೆಯ ಪಂದ್ಯದಲ್ಲಿ ಘಾನಾ ಹೊಡೆದದ್ದು ನಾಲ್ಕು. ಅಮೆರಿಕದ ಮೂರೂ ಸೇರಿ ಮೂರು ಪಂದ್ಯಗಳಿಗೆ ಒಂಬತ್ತು ಗೋಲು. ಗೋಲುಪೆಟ್ಟಿಗೆಯಲ್ಲಿ ನಿಂತಿದ್ದವನು ಧೀರಜ್ ಸಿಂಗ್, ನಿನ್ನದೇ ವಯಸ್ಸು. 2021ರ ಏಪ್ರಿಲ್‌ನಲ್ಲಿ ಅದೇ ಧೀರಜ್ ಎಫ್‌ಸಿ ಗೋವಾದ ಪರವಾಗಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಚಾಂಪಿಯನ್ಸ್ ಲೀಗ್ ಆಡಿದ. ಕತಾರ್‌ನ ಅಲ್ ರಯ್ಯಾನ್, ಯುಎಇಯ ಅಲ್ ವಹ್ದಾ, ಎರಡೂ ತಂಡಗಳು ಮೊದಲ ಭೇಟಿಯಲ್ಲಿ ಅವನನ್ನು ದಾಟಿ ಒಂದು ಗೋಲನ್ನೂ ಹೊಡೆಯಲಾಗಲಿಲ್ಲ.

ಆ ನಾಲ್ಕು ಗೋಲುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆ: ಚೆಂಡು ಎಲ್ಲಿಂದ ಬಂತು, ನಿನ್ನ ಪಾದ ಎಲ್ಲಿತ್ತು, ನೀನು ಕೂಗಿದೆಯೋ ಇಲ್ಲವೋ. ನಾಲ್ಕರಲ್ಲಿ ನಿಜವಾಗಿ ನಿನ್ನವು ಎರಡಕ್ಕಿಂತ ಹೆಚ್ಚಿರಲಾರವು ಎಂದು ನನಗನಿಸುತ್ತದೆ. ಬರೆದದ್ದನ್ನು ನನಗೆ ಕಳುಹಿಸು, ಮುಂದಿನ ಸಂಚಿಕೆಯಲ್ಲಿ ಆ ಎರಡರ ಬಗ್ಗೆ ಮಾತಾಡೋಣ.