3.83 ಡಾಲರಿನ ಪಾಸ್ತಾ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ಕೋಳಿ ತಿಂಡಿಯ ಹೋಟೆಲುಗಳನ್ನು ನಡೆಸುವ ಅಮೆರಿಕದ ಚಿಕ್-ಫಿಲ್-ಎ ಕಂಪನಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿದೆ. ಭಾನುವಾರ ಬಾಗಿಲು ಹಾಕಿಯೂ ಗೆದ್ದ ಈ ಕೋಳಿ ವ್ಯಾಪಾರಿಗಳು ಕಾಲೇಜು ಫುಟ್‌ಬಾಲಿಗೆ ಯಾಕೆ ದುಡ್ಡು ಸುರಿಯುತ್ತಾರೆ? ನನ್ನ ಮಗ ಅಲ್ಲಿಯ ಒಂದು ಸಣ್ಣ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಾನೆ. ಆಟಗಾರರಿಗೆ ಸಂಬಳ ಕೊಡಲು ಹೊರಟು ಕಾಲೇಜು ಕ್ರೀಡೆಯನ್ನು ಕೆಡಿಸಿದರು ಅನ್ನುತ್ತಾನೆ. ಒಂದು ಪಂದ್ಯವನ್ನೂ ನೋಡದ ಅವನ ಫೀಸಿನಲ್ಲಿ ಕ್ರೀಡಾ ಶುಲ್ಕ ಬೇರೆ! ಇದೆಂಥ ಲೆಕ್ಕ?”

ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅಲ್ಲಿಯ ಕ್ಯಾಲೆಂಡರಿನಲ್ಲೇ ಇದೆ. ಅಮೆರಿಕದಲ್ಲಿ ಶನಿವಾರ ಕಾಲೇಜು ಫುಟ್‌ಬಾಲಿನ ದಿನ, ಭಾನುವಾರ ವೃತ್ತಿಪರರ ದಿನ. (ಅಲ್ಲಿ ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ.) ಅಟ್ಲಾಂಟಾದ ಮರ್ಸಿಡಿಸ್-ಬೆಂಜ್ ಕ್ರೀಡಾಂಗಣದೊಳಗೆ ಚಿಕ್-ಫಿಲ್-ಎ ಕೌಂಟರ್ ಇದೆ. ಭಾನುವಾರ ಎಪ್ಪತ್ತು ಸಾವಿರ ಜನ ಸೇರಿದರೂ ಅಲ್ಲಿ ಕೋಳಿ ಸಿಗುವುದಿಲ್ಲ. ಅವರ ಗಿರಾಕಿ ಶನಿವಾರದವನು. ಅಟ್ಲಾಂಟಾದಲ್ಲೇ ನಡೆಯುವ ಪೀಚ್ ಬೌಲ್ ಎಂಬ ಕಾಲೇಜು ಫುಟ್‌ಬಾಲ್ ಪಂದ್ಯಕ್ಕೆ ಕಂಪನಿ 1997ರಲ್ಲೇ ತನ್ನ ಹೆಸರು ಅಂಟಿಸಿಕೊಂಡಿತು. ಅಲಬಾಮಾದಂಥ ರಾಜ್ಯದಲ್ಲಿ ವೃತ್ತಿಪರರ ಅತಿ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನ ತಂಡವೇ ಇಲ್ಲ. ಅಲ್ಲಿಯವರಿಗೆ ಕಾಲೇಜು ತಂಡವೇ ಊರ ತಂಡ. ಓದು ಮುಗಿಸಿ ನಲವತ್ತು ವರ್ಷವಾದರೂ ಅದೇ ಬಣ್ಣದ ಅಂಗಿ ತೊಟ್ಟು ಬರುತ್ತಾರೆ. ಇಂಥ ನಿಷ್ಠೆಯ ಗಿರಾಕಿ ಜಾಹೀರಾತಿಗೆ ಸುಲಭವಾಗಿ ಸಿಗುವವನಲ್ಲ. ರೈಸಿಂಗ್ ಕೇನ್ಸ್ ಎಂಬ ಇನ್ನೊಂದು ಕೋಳಿ ಕಂಪನಿಯಂತೂ 1996ರಲ್ಲಿ ಹುಟ್ಟಿದ್ದೇ ಲೂಯಿಸಿಯಾನಾ ರಾಜ್ಯ ವಿಶ್ವವಿದ್ಯಾಲಯದ ಗೇಟಿನ ಬಳಿ.

ಆದರೆ ಚಿಕ್-ಫಿಲ್-ಎ ಗೆದ್ದದ್ದು ಬರೀ ಜಾಹೀರಾತಿನಿಂದಲ್ಲ. ಜಾಗ, ಕಟ್ಟಡ, ಒಲೆ ಎಲ್ಲ ಕಂಪನಿಯದೇ. ಅಂಗಡಿ ನಡೆಸುವವನು ಹಾಕಬೇಕಾದದ್ದು 10,000 ಡಾಲರ್ ಮಾತ್ರ. ಮಾರಾಟದಲ್ಲಿ ಶೇ. 15, ಉಳಿದ ಲಾಭದಲ್ಲಿ ಅರ್ಧ ಕಂಪನಿಗೆ ಹೋಗುತ್ತದೆ. ಮಿಕ್ಕ ಅರ್ಧ ಅವನದು. ಷರತ್ತು ಇಷ್ಟೇ: ತಾನೇ ನಿಂತು ಅಂಗಡಿ ನಡೆಸಬೇಕು, ಹತ್ತು ಕಡೆ ಅಂಗಡಿ ತೆರೆಯುತ್ತೇನೆ ಅಂದರೆ ಆಗದು. ಕಂಪನಿಯ ಕೈಯೇ ಮೇಲು, ನಿಜ. ಆದರೂ ಬೆವರು ಸುರಿಸುವವನಿಗೆ ಪಾಲು ಉಂಟು. ವಾರಕ್ಕೆ ಆರೇ ದಿನ ತೆರೆದು, ಅಂಗಡಿಯೊಂದರ ಸರಾಸರಿ ವ್ಯಾಪಾರದಲ್ಲಿ ಮೆಕ್‌ಡೊನಾಲ್ಡ್ಸ್ ಅನ್ನು ಹಿಂದೆ ಹಾಕಿದ್ದರ ಹಿಂದೆ ಈ ಏರ್ಪಾಡೂ ಇದೆ ಅಂತ ನನಗನಿಸುತ್ತದೆ.

ಕಾಲೇಜು ಕ್ರೀಡೆ ಬಹುಕಾಲ ನಡೆದದ್ದು ಇದಕ್ಕೆ ತದ್ವಿರುದ್ಧವಾಗಿ, ಅಡುಗೆಯವನಿಗೇ ಎಲೆ ಹಾಕದ ಸಂತರ್ಪಣೆಯಂತೆ. ಉತ್ಪ್ರೇಕ್ಷೆ ಅನ್ನಬೇಡಿ. ಕಾಲೇಜು ಕ್ರೀಡೆಗಳ ನಿಯಂತ್ರಣ ಸಂಸ್ಥೆ ಎನ್‌ಸಿಎಎ. ಆಟಗಾರರು ಹವ್ಯಾಸಿಗಳು, ಅವರಿಗೆ ಸಂಬಳವಾಗಲಿ ಹೆಚ್ಚಿನ ಸವಲತ್ತಾಗಲಿ ಕೊಡಬಾರದು ಅನ್ನುತ್ತಿತ್ತು ಅದು. ಅದರ ನಿಯಮದಲ್ಲಿ ಒಂದು ಕಾಲಕ್ಕೆ ಆಟಗಾರರಿಗೆ ತಿಂಡಿಯಾಗಿ ಬೇಗಲ್ ರೊಟ್ಟಿ ಕೊಡಬಹುದಿತ್ತು, ಅದಕ್ಕೆ ಕ್ರೀಮ್ ಚೀಸ್ ಸವರಿ ಕೊಡುವಂತಿರಲಿಲ್ಲ! ಓಕ್ಲಹೋಮಾ ವಿಶ್ವವಿದ್ಯಾಲಯದ ಒಂದು ಔತಣದಲ್ಲಿ ಮೂವರು ಆಟಗಾರರು ಪಾಸ್ತಾ ಸ್ವಲ್ಪ ಹೆಚ್ಚು ತಿಂದರು. ನಿಯಮ ಮುರಿಯಿತೇನೋ ಎಂದು ಹೆದರಿದ ವಿಶ್ವವಿದ್ಯಾಲಯ ತಾನೇ ವರದಿ ಒಪ್ಪಿಸಿ, ತಲಾ 3.83 ಡಾಲರನ್ನು ಅವರಿಂದ ದಾನಕ್ಕೆ ಕೊಡಿಸಿತು. ಆಮೇಲೆ ಎನ್‌ಸಿಎಎ, ಇದು ತಪ್ಪೇ ಅಲ್ಲ ಅಂದಿತು. 2014ರ ಏಪ್ರಿಲ್‌ನಲ್ಲಿ ಬಾಸ್ಕೆಟ್‌ಬಾಲ್ ಚಾಂಪಿಯನ್ ತಂಡದ ಶಬಾಜ್ ನೇಪಿಯರ್, ಹಸಿದು ಮಲಗಿದ ರಾತ್ರಿಗಳಿವೆ ಎಂದು ಪತ್ರಕರ್ತರ ಮುಂದೆ ಹೇಳಿದ. ಅದೇ ತಿಂಗಳು ಊಟದ ಮಿತಿ ತೆಗೆಯಲು ಎನ್‌ಸಿಎಎ ಒಪ್ಪಿತು.

ಹಾಗಂತ ದುಡ್ಡಿಗೆ ಬರವಿತ್ತೇ? 1984ರಲ್ಲಿ ಸುಪ್ರೀಂ ಕೋರ್ಟು ಫುಟ್‌ಬಾಲಿನ ಟಿ.ವಿ. ಹಕ್ಕಿನ ಮೇಲೆ ಎನ್‌ಸಿಎಎಗಿದ್ದ ಹಿಡಿತ ಬಿಡಿಸಿದಾಗಿನಿಂದ ಹೊಳೆಯೇ ಹರಿದಿದೆ. ಮಾರ್ಚ್ ತಿಂಗಳ ಬಾಸ್ಕೆಟ್‌ಬಾಲ್ ಟೂರ್ನಿಯ ಪ್ರಸಾರ ಹಕ್ಕಿನಿಂದಲೇ ಈಗ ವರ್ಷಕ್ಕೆ ಸರಾಸರಿ 110 ಕೋಟಿ ಡಾಲರ್. ಆಟಗಾರನಿಗೆ ಕೊಡುವಂತಿಲ್ಲದ ಹಣ ಸುಮ್ಮನೆ ಕೂರುತ್ತದೆಯೇ? ಕೋಚುಗಳ ಜೇಬಿಗೂ ಹೊಸ ಕಟ್ಟಡಗಳಿಗೂ ಹೋಯಿತು. 2023ರಲ್ಲಿ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ಜಿಂಬೊ ಫಿಶರ್ ಎಂಬ ಕೋಚನ್ನು ತೆಗೆದುಹಾಕಿತು. ಮನೆಗೆ ಕಳಿಸಲು ಒಪ್ಪಿಕೊಂಡ ಮೊತ್ತ 7.5 ಕೋಟಿ ಡಾಲರಿಗೂ ಹೆಚ್ಚು!

ಆದ್ದರಿಂದ ನಿಮ್ಮ ಮಗನ ಮಾತನ್ನು ನಾನು ಒಪ್ಪಲಾರೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ದುಡಿಯಬಹುದು. ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ದಾವೆಯಲ್ಲಿ 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ಒಂದು ವಿಶ್ವವಿದ್ಯಾಲಯ ಮೊದಲ ವರ್ಷ 2.05 ಕೋಟಿ ಡಾಲರ್ ತನಕ ಆಟಗಾರರಿಗೆ ನೇರವಾಗಿ ಹಂಚಬಹುದು. ಅದಕ್ಕೆ ಸಂಬಳ ಅನ್ನುವುದಿಲ್ಲ, ಆದಾಯದ ಪಾಲು ಅನ್ನುತ್ತಾರೆ. ಕೆಟ್ಟದ್ದೇನೂ ಇಲ್ಲವೆಂದಲ್ಲ. ಫುಟ್‌ಬಾಲಿನ ಹಣದಲ್ಲೇ ನಡೆಯುತ್ತಿದ್ದ ಈಜು, ಕುಸ್ತಿಯಂಥ ತಂಡಗಳಿಗೆ ಈಗ ನಿಜವಾದ ಭಯವಿದೆ.

ಕ್ರೀಡಾ ಶುಲ್ಕದ ವಿಷಯದಲ್ಲಿ ಮಾತ್ರ ಅವನ ಸಿಟ್ಟು ನ್ಯಾಯವಾದದ್ದು. ಟಿ.ವಿ. ಹಣ ಹರಿಯುವುದು ದೊಡ್ಡ ತಂಡಗಳ ಕಡೆಗೆ. ಅವರ ಸಮಕ್ಕೆ ನಿಲ್ಲುವ ಹಟಕ್ಕೆ ಬಿದ್ದ ಸಣ್ಣ ವಿಶ್ವವಿದ್ಯಾಲಯಗಳು ಕೊರತೆಯನ್ನು ವಿದ್ಯಾರ್ಥಿಗಳ ತಲೆಗೆ ಹಾಕುತ್ತವೆ, ಚೆಂಡು ಮುಟ್ಟದವನೂ ತೆರಬೇಕು. ಆ ಶುಲ್ಕ ಕಟ್ಟಿದವರಿಗೆ ಪಂದ್ಯದ ಟಿಕೆಟ್ ಪುಕ್ಕಟೆ ಕೊಡುವ ಕಡೆಗಳೂ ಇವೆ, ಒಮ್ಮೆ ವಿಚಾರಿಸಲು ಹೇಳಿ. ಹೋಗುವುದಾದರೆ ಶನಿವಾರವೇ ಹೋಗಲಿ. ಬರುವಾಗ ಕೋಳಿಯೂ ಸಿಗುತ್ತದೆ.

— ಸಂ.